ಕೇಳಿಸದ ಗಿಟಾರು

ಕೌಂಟ್ ಬೇಸಿ ಹುಟ್ಟಿದ ರೆಡ್ ಬ್ಯಾಂಕ್ ನಾನಿರುವ ನ್ಯೂಜೆರ್ಸಿಯದೇ ಊರು. ಆ ಒಂದು ಅಭಿಮಾನಕ್ಕೆ ಕೊಂಡು ತಂದ ತಟ್ಟೆಯಲ್ಲಿ ‘ಲಿಲ್ ಡಾರ್ಲಿನ್’ ಇತ್ತು. 1957ರ ಧ್ವನಿಮುದ್ರಣ. ನೀಲ್ ಹೆಫ್ಟಿ ಅದನ್ನು ಚುರುಕು ನಡೆಗೆಂದು ಬರೆದಿದ್ದನಂತೆ. ಬೇಸಿ ಬಹಳ ನಿಧಾನ ಮಾಡಿಬಿಟ್ಟ. ವರ್ಷಗಟ್ಟಲೆ ಕೇಳಿದ ಮೇಲೆ ಒಂದು ರಾತ್ರಿ ಹೊಳೆಯಿತು, ಇದರಲ್ಲಿ ಗಿಟಾರೂ ಇದೆಯಲ್ಲ! ಅಷ್ಟು ನಿಧಾನದ ನಡೆ ಕುಸಿಯದಂತೆ ಹಿಡಿದಿದ್ದು ಆ ಗಿಟಾರೇ.

ನುಡಿಸಿದವನು ಫ್ರೆಡ್ಡಿ ಗ್ರೀನ್. 1911ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದ. ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ಜಾನ್ ಹ್ಯಾಮಂಡ್ ಕಿವಿಗೆ ಬಿದ್ದು, 1937ರಲ್ಲಿ ಬೇಸಿಯ ತಂಡ ಸೇರಿದ. 1987ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಬೇಸಿ ತೀರಿಕೊಂಡ ಮೇಲೂ.

1939ರಲ್ಲಿ ಚಾರ್ಲಿ ಕ್ರಿಶ್ಚಿಯನ್ ವಿದ್ಯುತ್ ಗಿಟಾರು ಹಿಡಿದು ಬೆನ್ನಿ ಗುಡ್‌ಮನ್ ಜೊತೆ ನಿಂತದ್ದೇ, ಗಿಟಾರು ಸ್ಯಾಕ್ಸೊಫೋನಿನ ಸರಿಸಮಕ್ಕೆ ಬಂತು. ಗ್ರೀನ್ ಮಾತ್ರ ತಂತಿಗಳನ್ನು ಎತ್ತರಕ್ಕೆ ಬಿಗಿದ ಮರದ ಗಿಟಾರಿನಲ್ಲೇ ಉಳಿದ. ಆವರ್ತಕ್ಕೆ ನಾಲ್ಕು ಮೀಟು, ಅಷ್ಟೇ. ಒಂದೇ ಸ್ವರ ನುಡಿಸುತ್ತಿದ್ದ ಎಂಬ ಮಾತು ಅರ್ಧ ನಿಜ. ಮೊದಲ ತಟ್ಟೆಗಳಲ್ಲಿ ಸ್ವರಗುಚ್ಛ ತುಂಬಿಕೊಂಡಿದೆ. ಬರಬರುತ್ತ ಎರಡು ಸ್ವರ, ಕೆಲವೊಮ್ಮೆ ನಡುವಿನ ತಂತಿಯ ಒಂದೇ ಒಂದು. ಕೆಳಗೆ ಬಾಸ್, ಮೇಲೆ ಕಹಳೆಗಳ ಸಾಲು. ನಡುವೆ ಉಳಿದ ಸಂದಿಗೆ ಎಷ್ಟು ಬೇಕೋ ಅಷ್ಟು. ಒಂಟಿ ಸ್ವರವಾದರೂ ನಮ್ಮ ಕಿವಿ ಅದನ್ನು ಇಡೀ ಗುಚ್ಛವೆಂದೇ ಕೇಳಿಸಿಕೊಳ್ಳುತ್ತದೆ. ತಂಬೂರಿಯ ಪಕ್ಕದಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇವನನ್ನು ಹೊಗಳುವವರು ‘ತ್ಯಾಗ’ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. 1950ರಲ್ಲಿ ದುಡ್ಡಿನ ಮುಗ್ಗಟ್ಟಿನಿಂದ ಬೇಸಿ ದೊಡ್ಡ ತಂಡ ಬರಖಾಸ್ತು ಮಾಡಿ ಸಣ್ಣದೊಂದನ್ನು ಕಟ್ಟಿದ. ಅದರಲ್ಲಿ ಗ್ರೀನ್ ಇರಲಿಲ್ಲ. ಒಂದು ದಿನ ಕರೆಯದೇ ಗಿಟಾರು ಹಿಡಿದು ಬಂದು ಕೂತ, ಮತ್ತೆ ಏಳಲಿಲ್ಲ. ಇದು ತ್ಯಾಗಿಯ ನಡತೆಯೇ? ತನ್ನ ಕುರ್ಚಿ ತನ್ನದೇ ಎಂದು ಗೊತ್ತಿದ್ದವನ ಹಟ. ‘ಕಾರ್ನರ್ ಪಾಕೆಟ್’ನಂಥ ಕೃತಿ ರಚಿಸಿದವನಿಗೆ ಹೇಳಲು ಏನೂ ಇರಲಿಲ್ಲವೆನ್ನುವಂತೆಯೂ ಇಲ್ಲ.

ಆದರೂ ವಿಮರ್ಶಕನ ಆಸೆ ಸಾಯುವುದಿಲ್ಲ. ಇವನೊಬ್ಬನೇ ನುಡಿಸಿದ್ದರೆ ಹೇಗಿರುತ್ತಿತ್ತು? 1938ರ ಜನವರಿಯಲ್ಲಿ ಕಾರ್ನೆಗಿ ಹಾಲ್‌ನ ಗುಡ್‌ಮನ್ ಕಛೇರಿಯಲ್ಲಿ ‘ಹನಿಸಕಲ್ ರೋಸ್’ ನಡೆದಾಗ ಸರದಿ ಇವನಿಗೂ ಬಂತು. ನಾನು ಆಸೆಯಿಂದ ಹುಡುಕಿ ಕೇಳಿದೆ. ಎಲ್ಲರೂ ತಗ್ಗಿದ್ದಾರೆ, ದಾರಿ ಬಿಟ್ಟಿದ್ದಾರೆ. ಗ್ರೀನ್ ರಾಗದ ಎಳೆ ಹೊಸೆಯುವುದಿಲ್ಲ. ಅದೇ ಸ್ವರಗುಚ್ಛ, ಅದೇ ನಡೆ, ಸ್ವಲ್ಪ ಜೋರಾಗಿ. ಸರದಿ ಮುಗಿದೊಡನೆ ಮತ್ತೆ ಉಳಿದವರ ಕೆಳಗೆ ಸೇರಿಹೋಗುತ್ತಾನೆ. ಎಲ್ಲಿ ಸೇರಿದನೆಂದು ಮೂರು ಸಲ ಹಿಂದಕ್ಕೆ ಹಾಕಿ ಕೇಳಿದೆ; ಆ ಗಳಿಗೆ ಇನ್ನೂ ಸಿಕ್ಕಿಲ್ಲ.