ಪದ್ಮ ಯಾರು?

ಕವಿ ಒಲವಿನ ಬಗ್ಗೆ ಚೆನ್ನಾಗಿ ಬರೆದುಬಿಟ್ಟರೆ ಸಾಕು, "ಆ ಹುಡುಗಿ ಯಾರು?" ಎಂದು ಕೇಳದೆ ನಮ್ಮ ಜನಕ್ಕೆ ನಿದ್ದೆ ಹತ್ತುವುದಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ಮಾತು ಬಂದಾಗಲಂತೂ ಈ ಪ್ರಶ್ನೆ ತಪ್ಪಿದ್ದಲ್ಲ. ಅವರು ನಮ್ಮ ಸೀಮೆಯವರೇ. 1915ರಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದವರು. ಪಾಂಡವಪುರದ ಮದುವೆಮನೆಯಿರಲಿ, ಶ್ರೀರಂಗಪಟ್ಟಣದ ಬಸ್ಸಿರಲಿ, 'ಮೈಸೂರ ಮಲ್ಲಿಗೆ'ಯ ಹಾಡು ಕೇಳಿಸಿದರೆ ಪಕ್ಕದಲ್ಲಿ ಯಾರಾದರೊಬ್ಬರು ಪಿಸುಗುಟ್ಟುತ್ತಾರೆ: "ಪದ್ಮ ಅಂತ ಒಬ್ಬಳು ನಿಜವಾಗ್ಲೂ ಇದ್ದಳಂತೆ ಕಣ್ರೀ!" ಆ ನವಿಲೂರು ನಾಗಮಂಗಲದ ಕಡೆಯದೇ ಎಂದು ನನ್ನೊಡನೆ ವಾದಿಸಿದವರೂ ಇದ್ದಾರೆ.

1992ರಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣರ ಚಿತ್ರ ಈ ಕುತೂಹಲಕ್ಕೆ ಒಂದು ಮುಖ ಕೊಟ್ಟಿತು. ಬಿಡಿಬಿಡಿ ಕವಿತೆಗಳನ್ನು ಮಾಲೆ ಕಟ್ಟಿ, ಸ್ವಾತಂತ್ರ್ಯ ಚಳವಳಿಯ ಕಾಲದ ಕವಿಯೊಬ್ಬನ ಪ್ರೇಮಕಥೆ ಮಾಡಿದರು. ಸುಧಾರಾಣಿಯ ಪದ್ಮಳನ್ನು, ಅಶ್ವತ್ಥರ ಸಂಗೀತವನ್ನು ಮೆಚ್ಚದವರು ಯಾರು? ನಾನೂ ಮೆಚ್ಚಿದವಳೇ. ಕಲ್ಪಿಸುವುದು ತಪ್ಪಲ್ಲ. ಆದರೆ ಕಲ್ಪನೆಯನ್ನೇ ಕವಿಯ ಚರಿತ್ರೆ ಎಂದು ನಂಬಿದಾಗ ಯಾರಿಗೋ ಅನ್ಯಾಯವಾಗುತ್ತದೆ.

ಇಂಗ್ಲಿಷಿನವರದ್ದೂ ಇದೇ ಪಾಡು. 1998ರ 'ಷೇಕ್ಸ್‌ಪಿಯರ್ ಇನ್ ಲವ್' ಚಿತ್ರದಲ್ಲಿ ಕವಿಗೆ ವಯೋಲ ಎಂಬ ಕಲ್ಪಿತ ಪ್ರೇಯಸಿ ಸಿಕ್ಕಳು. ಸ್ಟ್ರಾಟ್‌ಫರ್ಡ್‌ನಲ್ಲಿ ಅವನ ಮೂರು ಮಕ್ಕಳನ್ನು ಹೆತ್ತ ಆನ್ ಹ್ಯಾಥ್‌ವೇ ಮಾತಿನಲ್ಲಷ್ಟೇ ಬಂದುಹೋದಳು. ಕಾವ್ಯ ಹುಟ್ಟಬೇಕಾದರೆ ಹೆಂಡತಿಯಲ್ಲದ ಇನ್ನೊಬ್ಬಳು ಬೇಕೇಬೇಕು ಎನ್ನುವುದು ಇಂಥ ಕಥೆಗಳು ಹೇಳದೆಯೇ ಹೇಳುವ ಮಾತು.

ನರಸಿಂಹಸ್ವಾಮಿಯವರು ವೆಂಕಮ್ಮನವರನ್ನು ಮದುವೆಯಾದದ್ದು 1936ರಲ್ಲಿ. 'ಮೈಸೂರ ಮಲ್ಲಿಗೆ' ಬಂದದ್ದು 1942ರಲ್ಲಿ. ನಡುವೆ ಆರು ವರ್ಷದ ಸಂಸಾರ. ಪುಸ್ತಕ ತೆರೆದು ನೋಡಿ, ಕದ್ದುಮುಚ್ಚಿದ ಪ್ರೇಮ ಎಲ್ಲಿದೆ? ಬಳೆಗಾರ ಚೆನ್ನಯ್ಯ ಸುದ್ದಿ ತರುವುದು ತವರಿನಲ್ಲಿರುವ ಹೆಂಡತಿಯದು. ರಾಯರು ರಾತ್ರಿ ಹೊತ್ತು ಅಷ್ಟು ದೂರ ಬರುವುದು ಮಾವನ ಮನೆಗೆ. ಆ ರಾತ್ರಿ ಪದ್ಮ ಏಕೆ ಒಳಗಿಲ್ಲ ಎಂಬುದನ್ನು ನಮಗೆ, ಹೆಂಗಸರಿಗೆ, ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ವಿವರ ಗುಟ್ಟಿನ ಪ್ರೇಯಸಿಯಿಂದ ಸಿಗುವುದಲ್ಲ, ಒಂದೇ ಸೂರಿನ ಕೆಳಗೆ ಬಾಳಿದವರಿಗೆ ಸಿಗುವುದು.

ಅವರು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನ ಪ್ರೇಮಗೀತೆಗಳನ್ನು ಕನ್ನಡಕ್ಕೆ ತಂದವರು. ಬರ್ನ್ಸ್‌ಗೆ ಹೆಂಡತಿ ಜೀನ್ ಇದ್ದಳು. ಹೈಲ್ಯಾಂಡಿನ ಮೇರಿ, ಕ್ಲಾರಿಂಡ ಎಂಬ ಒಲವುಗಳೂ ಇದ್ದವು. ನಮ್ಮ ಕಿಕ್ಕೇರಿಯ ಕವಿ ಆ ಹಾಡಿನ ಸೊಗಸನ್ನು ತಂದು ಮನೆಯೊಳಗಿನ ಹೆಂಡತಿಗೆ ಮುಡಿಸಿದರು. ಅವರು ಮಾಡಿದ ದೊಡ್ಡ ಕೆಲಸ ಇದೇ ಎಂದು ನನ್ನ ಎಣಿಕೆ. ಹೆಂಡತಿಯನ್ನು ಹೆಸರಿಡಿದು ಕರೆಯಲೂ ಗಂಡಸರು ನಾಚುತ್ತಿದ್ದ ಕಾಲ ಅದು. "ಇವಳೇ", "ಏ ಇಲ್ನೋಡು" ಎನ್ನಿಸಿಕೊಂಡೇ ಮುದುಕಿಯರಾದವರನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಹಾಗೆಂದು ಪದ್ಮ ಎಂದರೆ ವೆಂಕಮ್ಮನವರೇ ಎಂದು ಮೊಹರು ಒತ್ತುವುದೂ ಬೇಡ. ಕವಿತೆಯ ಹೆಣ್ಣು ಕವಿತೆಯವಳು. ಶಾನುಭೋಗರ ಮಗಳು ಬಂದ ವರಗಳನ್ನೆಲ್ಲ ಬೇಡವೆಂದಳಲ್ಲ, ಆ ಧೈರ್ಯ ಅವಳದೇ. ಅವಳಿಗೆ ವಿಳಾಸ ಹುಡುಕಿದರೆ ಅವಳು ಸಣ್ಣವಳಾಗುತ್ತಾಳೆ.

ಮುಂದೆ ಯಾರಾದರೂ ಈ ಕವಿಯ ಮೇಲೆ ಕಾದಂಬರಿ ಬರೆಯುವುದಾದರೆ ನನ್ನದೊಂದು ಕೋರಿಕೆ. ನವಿಲೂರಿನಲ್ಲಿ ಹೊಸ ಪ್ರೇಯಸಿಯನ್ನು ಹುಡುಕಬೇಡಿ. ಮನೆಗೆ ಬಂದ ಅತಿಥಿ ಕಾಫಿ ಕುಡಿಯುತ್ತಾ "ಪದ್ಮ ಯಾರು ಸ್ವಾಮಿ?" ಎಂದು ಕೇಳಿದಾಗ, ಆ ಕಾಫಿ ಮಾಡಿಕೊಟ್ಟವಳ ಮನಸ್ಸಿನಲ್ಲಿ ಏನಾಗಿರಬಹುದು, ಅದನ್ನು ಬರೆಯಿರಿ.