ದೃಷ್ಟಿವಿಷವಿಚಾರ

ಪಾಶ್ಚಾತ್ಯರ ಕಥೆಗಳಲ್ಲಿ ಬರುವ ಬಾಸಿಲಿಸ್ಕ್ ಎಂಬ ಸರ್ಪವು ಈಗ ಅದ್ಭುತಕಥೆಗಳ ಆಟಗಳ ಮೂಲಕ ಶಿವಮೊಗ್ಗ, ಭದ್ರಾವತಿಗಳ ವಿದ್ಯಾರ್ಥಿಗಳಿಗೂ ಪರಿಚಿತವಾಗಿದೆ. ಅದನ್ನು ಕನ್ನಡದಲ್ಲಿ ಕಾಳಿಂಗವೆಂದೋ ಘಟಸರ್ಪವೆಂದೋ ಹೇಳಿಬಿಡುವುದು ಸುಲಭ, ಆದರೆ ಸಲ್ಲದು. ನೋಟಮಾತ್ರದಿಂದ ಕೊಲ್ಲುವ ಸರ್ಪಕ್ಕೆ ದೃಷ್ಟಿವಿಷವೆಂಬ ಹೆಸರು ಸಿದ್ಧವಾಗಿರುವಾಗ ಬೇರೊಂದನ್ನು ಹುಡುಕುವುದು, ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಂತೆ. ಹೆಸರಿನೊಡನೆ ಅರ್ಥವೂ ಕೆಡುವುದರಿಂದ ಈ ವಿಚಾರವು ಅಧ್ಯಾಪಕರ ಗಮನಕ್ಕೆ ಯೋಗ್ಯವಾಗಿದೆ.

ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಜಂಗಮವಿಷಕ್ಕೆ ೧೬ ಅಧಿಷ್ಠಾನಗಳನ್ನು ಹೇಳಿ, ದೃಷ್ಟಿಯನ್ನೂ ನಿಃಶ್ವಾಸವನ್ನೂ ಅವುಗಳಲ್ಲಿ ಮೊದಲಿಗೆ ಎಣಿಸಿದೆ. ಈ ಎರಡು ಬಗೆಯ ವಿಷವು ದಿವ್ಯಸರ್ಪಗಳಿಗೆ ಮಾತ್ರ. ಭೂಮಿಯ ಹಾವುಗಳಿಗೆ ವಿಷವಿರುವುದು ಹಲ್ಲಿನಲ್ಲಿಯೇ. ವೈದ್ಯನು ಚಿಕಿತ್ಸೆಗೆ ಸಿಕ್ಕುವುದನ್ನು ಸಿಕ್ಕದುದರಿಂದ ಎಷ್ಟು ನಿಷ್ಕೃಷ್ಟವಾಗಿ ಬೇರ್ಪಡಿಸಿದ್ದಾನೆಂಬುದು ಗಮನಾರ್ಹ. ರೋಮಿನ ಪ್ಲಿನಿಯಲ್ಲಿ ಈ ವಿವೇಕವು ಕಾಣದು. ಕ್ರಿ. ಶ. ೭೯ರಲ್ಲಿ ತೀರಿಕೊಂಡ ಆತನು ಬಾಸಿಲಿಸ್ಕನ್ನು ಹನ್ನೆರಡಂಗುಲ ಮೀರದ, ತಲೆಯ ಮೇಲೆ ಕಿರೀಟದಂತೆ ಬಿಳಿಯ ಮಚ್ಚೆಯುಳ್ಳ ಪ್ರಾಣಿಯೆಂದು ವರ್ಣಿಸಿ, ಉಳಿದ ಪ್ರಾಣಿಗಳ ಸಾಲಿನಲ್ಲಿಯೇ ಇರಿಸಿದ್ದಾನೆ. ಆ ಗ್ರೀಕ್ ಪದಕ್ಕೆ ಚಿಕ್ಕ ಅರಸನೆಂದರ್ಥ.

ಮಹಾಭಾರತದ ಆದಿಪರ್ವದಲ್ಲಿ ಅಮೃತವನ್ನು ಕಾಯುವ ಎರಡು ಸರ್ಪಗಳುಂಟು. ಅವುಗಳಿಗೆ ಎವೆಯಿಕ್ಕುವುದೆಂಬುದಿಲ್ಲ, ಅವುಗಳ ಕಣ್ಣಿಗೆ ಬಿದ್ದವನು ಭಸ್ಮವಾಗುವನು. ಗರುಡನು ಮಾಡಿದ್ದೇನು? ಅವುಗಳ ಕಣ್ಣಿಗೆ ಧೂಳನ್ನೆರಚಿದನು. ಎವೆಯಿಲ್ಲದ ಕಣ್ಣಿಗೆ ಧೂಳೇ ಶತ್ರುವಲ್ಲವೆ? ಹಾವಿನ ಕಣ್ಣಿಗೆ ರೆಪ್ಪೆಯಿಲ್ಲ, ಪಾರದರ್ಶಕವಾದ ಪೊರೆಯೊಂದು ಅದನ್ನು ಮುಚ್ಚಿರುವುದೆಂಬುದು ಪ್ರಾಣಿಶಾಸ್ತ್ರದ ಮಾತು. ಕಂಡ ಸಂಗತಿಯೊಂದರಿಂದಲೇ ಕವಿಯು ಸರ್ಪದ ಬಲವನ್ನೂ ಅದರ ದೌರ್ಬಲ್ಯವನ್ನೂ ತೆಗೆದಿದ್ದಾನೆ.

ಇದಕ್ಕಿಂತಲೂ ಗಹನವಾದುದು ನಹುಷನ ಕಥೆ. ಇಂದ್ರಪದವಿಗೇರಿದ ಈ ಮಾನವನಿಗೆ, ಕಣ್ಣೆದುರು ಬಂದವರ ತೇಜಸ್ಸನ್ನು ಸೆಳೆಯುವ ವರವು ದೊರೆಯಿತು. ಉದ್ಯೋಗಪರ್ವವು ಅವನನ್ನು ದೃಷ್ಟಿವಿಷನೆಂದೇ ಕರೆಯುತ್ತದೆ. ಅನುಶಾಸನಪರ್ವದಲ್ಲಿ ಭೃಗುವು ಅವನ ಕಣ್ಣಿಗೆ ಬೀಳದಂತೆ ಅಗಸ್ತ್ಯರ ಜಟೆಯೊಳಗೆ ಅಡಗಿ ಕುಳಿತು, ಅವನು ಋಷಿಯ ತಲೆಯನ್ನೊದೆದಾಗ ಸರ್ಪವಾಗೆಂದು ಶಪಿಸುತ್ತಾನೆ. ಸರ್ಪದ ಕಣ್ಣು ಮೊದಲು ಬಂದಿತು, ಸರ್ಪದ ದೇಹವು ಆಮೇಲೆ. ಅಧಿಕಾರದ ಕಣ್ಣನ್ನು ಕುರಿತು ಇಷ್ಟು ಮೊನಚಾದ ಕಥೆಯು ಪ್ಲಿನಿಯಲ್ಲಿಯೂ ಇಲ್ಲ, ಆಟಗಳಲ್ಲಿಯೂ ಇಲ್ಲ. ಶ್ವೇತಾಂಬರ ಜೈನರ ಮಹಾವೀರಚರಿತೆಯಲ್ಲಿ ಚಂಡಕೌಶಿಕನೆಂಬ ದೃಷ್ಟಿವಿಷಸರ್ಪದ ನೋಟವು ತೀರ್ಥಂಕರನ ಮುಂದೆ ನಿಷ್ಫಲವಾಗಿ, ಸರ್ಪವೇ ಶಾಂತವಾಗುತ್ತದೆ.

ಇನ್ನು ಆಟಗಳ ಮಾತು. ೧೯೭೪ರಲ್ಲಿ ಅಮೆರಿಕದ ಗೈಗ್ಯಾಕ್ಸ್, ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟದಲ್ಲಿ ಬಾಸಿಲಿಸ್ಕಿನ ಕಣ್ಣಿಗೆ ಕಣ್ಣು ಕೂಡಿಸಿದವನು ಕಲ್ಲಾಗುವನು. ಇದು ಗ್ರೀಕರ ಮೆಡೂಸಾಳ ಸೊತ್ತು. ಒಬ್ಬಳ ಶಕ್ತಿಯನ್ನು ಮತ್ತೊಂದಕ್ಕೆ ಆರೋಪಿಸಿದುದು ದೋಷವೆಂದು ಹೇಳಲಾಗದು. ಪುರಾಣಗಳೂ ಹೀಗೆಯೇ ಬೆಳೆದಿವೆ. ಆದರೆ ಈ ಬೆರಕೆಯನ್ನೇ ಪ್ರಾಚೀನವೆಂದು ತಿಳಿದ ವಿದ್ಯಾರ್ಥಿಯು ನಮ್ಮ ಕಾವ್ಯಗಳಲ್ಲಿ ಅದನ್ನು ಹುಡುಕಿದರೆ ದಾರಿ ತಪ್ಪುವನು. ಮೇಲಣ ಪ್ರಸಂಗಗಳಲ್ಲಿ ಒಂದರಲ್ಲಿಯೂ ಶಿಲೆಯ ಮಾತಿಲ್ಲ. ಕಪಿಲನ ನೋಟಕ್ಕೆ ಸಗರಪುತ್ರರೂ, ಮುಚುಕುಂದನ ನೋಟಕ್ಕೆ ಕಾಲಯವನನೂ, ಹರನ ನೊಸಲಗಣ್ಣಿಗೆ ಮನ್ಮಥನೂ ಸುಟ್ಟು ಬೂದಿಯಾದರು. ಕಲ್ಲಾಗಿಸುವುದು ಕಣ್ಣಲ್ಲ, ಶಾಪದ ನುಡಿ.

ಇದಕ್ಕೆ ನಿದರ್ಶನವು ಭದ್ರಾವತಿಯವರಿಗೆ ದೂರದ್ದಲ್ಲ. ಹಿಂದೆ ಬೆಂಕಿಪುರವೆನಿಸಿದ್ದ ಆ ಊರನ್ನು ಲಕ್ಷ್ಮೀಶನ ಜೈಮಿನಿಭಾರತದಲ್ಲಿ ಬರುವ, ಯೌವನಾಶ್ವನ ರಾಜಧಾನಿಯಾದ ಭದ್ರಾವತಿಯೊಡನೆ ಜನರು ಕೂಡಿಸಿ ಹೇಳುವುದುಂಟು. ಅದೇ ಕಾವ್ಯದಲ್ಲಿ ಉದ್ದಾಲಕನ ಪತ್ನಿ ಚಂಡಿಯು ಗಂಡನ ಶಾಪದಿಂದ ಶಿಲೆಯಾಗಿ, ಅರ್ಜುನನ ಸ್ಪರ್ಶದಿಂದ ಮುಕ್ತಳಾಗುತ್ತಾಳೆ. ನುಡಿಯಿಂದಾದ ಕಲ್ಲಿಗೆ ಅವಧಿಯುಂಟು, ವಿಮೋಚನೆಯುಂಟು. ನೋಟದಿಂದಾದ ಬೂದಿಗೆ ಗಂಗೆಯನ್ನೇ ತರಬೇಕು, ತಂದರೂ ಸಗರಪುತ್ರರಿಗೆ ಸದ್ಗತಿಯಾಯಿತೇ ಹೊರತು ದೇಹವು ಮರಳಲಿಲ್ಲ. ಜೈಮಿನಿಭಾರತದ ನಾಗಲೋಕದಲ್ಲಿರುವುದೂ ಕೊಲ್ಲುವ ಕಣ್ಣಲ್ಲ. ಬಭ್ರುವಾಹನನಿಂದ ಹತನಾದ ಅರ್ಜುನನನ್ನು ಬದುಕಿಸುವ ಮಣಿ.

ಕಾಳಿಂಗವೆಂಬ ಅನುವಾದವು ಸಲ್ಲದೆಂದುದಕ್ಕೆ ಕಾರಣವೂ ಶಿವಮೊಗ್ಗದ ಜಿಲ್ಲೆಯಲ್ಲಿಯೇ ಇದೆ. ಆಗುಂಬೆಯ ಕಾಡಿನ ಕಾಳಿಂಗಸರ್ಪವು ಕಲ್ಪಿತವಲ್ಲ. ಪಶ್ಚಿಮಘಟ್ಟದ ಈ ಸರ್ಪವನ್ನು ಪ್ರತ್ಯೇಕ ಜಾತಿಯೆಂದು ೨೦೨೪ರಲ್ಲಿ ವಿದ್ವಾಂಸರು ನಿರ್ಣಯಿಸಿ, ಅದರ ಶಾಸ್ತ್ರೀಯನಾಮದಲ್ಲಿಯೂ ಕಾಳಿಂಗಪದವನ್ನೇ ಉಳಿಸಿದ್ದಾರೆ. ಅದರ ವಿಷವು ಹಲ್ಲಿನಲ್ಲಿದೆ. ಸುಶ್ರುತನ ವಿಂಗಡಣೆಯಂತೆ ಅದು ಭೌಮಸರ್ಪ.