ಶಶಿಯ ಕ್ಲಾಸು, ನಮ್ಮ ಕ್ಲಾಸು

2012ರಲ್ಲಿ ‘ಇಂಗ್ಲಿಷ್ ವಿಂಗ್ಲಿಷ್’ ಸಿನಿಮಾ ಬಂದಾಗ ನಾನು ಮಸ್ಕತ್‌ನಲ್ಲಿದ್ದೆ. ಶುಕ್ರವಾರ ರಜೆ. ಅವತ್ತು ಬೆಳಗ್ಗೆ ನಮ್ಮ ರೂಮಿನಲ್ಲೇ ಊರ ಕಡೆಯ ಏಳೆಂಟು ಮಂದಿಗೆ ಇಂಗ್ಲಿಷ್ ಮಾತಾಡೋದು ಹೇಳಿಕೊಡ್ತಿದ್ದೆ. ಲಕ್ಷ್ಮೇಶ್ವರದ ಡ್ರೈವರ್, ಬೆಟಗೇರಿಯ ಟೇಲರ್, ಮುಂಡರಗಿಯ ಎಲೆಕ್ಟ್ರಿಷಿಯನ್, ಹಿಂಗ. ಹಾಗಾಗಿ ಆ ಸಿನಿಮಾವನ್ನು ಮಾಸ್ತರನ ಕಣ್ಣಿಂದಲೇ ನೋಡಿದೆ. ಮೊನ್ನೆ ಗದಗಿನ ಮನೆಯಲ್ಲಿ ಟಿವಿಯಲ್ಲಿ ಮತ್ತೆ ನೋಡಿದೆ. ಹಳೇ ತಕರಾರು ಹಂಗೇ ಇದೆ.

ಮೊದಲು ಒಳ್ಳೆಯದನ್ನು ಹೇಳಿಬಿಡ್ತೀನಿ. ಗೌರಿ ಶಿಂಧೆ ತಮ್ಮ ತಾಯಿಯನ್ನು ನೆನೆದು ಮಾಡಿದ ಚಿತ್ರ ಇದು. ಮಗಳ ಶಾಲೆಗೆ ಹೋದ ಶಶಿ (ಶ್ರೀದೇವಿ) ಹಿಂದಿಯಲ್ಲಿ ಮಾತಾಡಬಹುದಾ ಅಂತ ಕೇಳ್ತಾಳೆ. ಮಲಯಾಳಿ ಫಾದರ್ ತನ್ನ ಹಿಂದಿಯೇ ಅಷ್ಟಕ್ಕಷ್ಟೆ ಅನ್ನುತ್ತಲೇ ಒಪ್ಪುತ್ತಾರೆ. ಮುಖ ಮುದುಡಿಕೊಳ್ಳೋದು ಮಗಳು. ಇಂಗ್ಲಿಷ್ ಬಾರದವರನ್ನು ಮೊದಲು ಕುಗ್ಗಿಸೋದು ಪರದೇಶವಲ್ಲ, ನಮ್ಮ ಪಡಸಾಲೆ ಅನ್ನೋದನ್ನು ಆ ದೃಶ್ಯ ಗದ್ದಲವಿಲ್ಲದೆ ಹೇಳುತ್ತದೆ. ನ್ಯೂಯಾರ್ಕಿನ ಕ್ಲಾಸಿನಲ್ಲಿ ಅಮೆರಿಕದ ಹೆಸರಿನ ಹಿಂದೆ ‘ದಿ’ ಇದೆ, ಇಂಡಿಯಾಕ್ಕೆ ಯಾಕಿಲ್ಲ ಅಂತ ಶಶಿ ಕೇಳೋದೂ ಚಲೋ ಇದೆ. ದೊಡ್ಡವರು ಕಲಿಯುವಾಗ ಕೇಳೋದು ಇಂಥವೇ.

ತಕರಾರು ಏನಂದ್ರೆ, ಶಶಿಗೆ ವಾಪಸ್ ಟಿಕೆಟ್ ಇತ್ತು. ಅವಳ ಪಕ್ಕದ ಟ್ಯಾಕ್ಸಿ ಓಡಿಸುವ ಪಾಕಿಸ್ತಾನಿಗೆ, ಮಕ್ಕಳನ್ನು ನೋಡಿಕೊಳ್ಳುವ ಮೆಕ್ಸಿಕೋದ ಹೆಣ್ಣುಮಗಳಿಗೆ ಇಂಗ್ಲಿಷ್ ಅಂದ್ರೆ ನಾಳಿನ ಪಗಾರ. ಸಿನಿಮಾ ಅವರನ್ನು ನಗಿಸೋಕೆ ಇಟ್ಟುಕೊಂಡಿದೆ. ಅವರ ತಪ್ಪುಗಳು ಬರೀ ತಮಾಷೆ.

ನಮ್ಮ ರೂಮಿನಲ್ಲಿ ಹಂಗಿರಲಿಲ್ಲ. ಮುಂಡರಗಿಯವನನ್ನು ಒಂದಿನ ಫೋರ್‌ಮನ್ ಕೇಳಿದನಂತೆ: “ಡಿಡಂಟ್ ಯೂ ಸ್ವಿಚ್ ಇಟ್ ಆಫ್?” ಇವನು “ಯೆಸ್” ಅಂದ. ಕನ್ನಡದಲ್ಲಿ “ಆಫ್ ಮಾಡಿಲ್ಲೇನು?” ಅಂದ್ರೆ “ಹೌದ್ರಿ, ಮಾಡಿಲ್ಲ” ಅಂತೀವಲ್ಲ, ಆ ಹೌದು ಅದು. ಇಂಗ್ಲಿಷ್‌ನವನಿಗೆ ಕೇಳಿಸಿದ್ದು ‘ಆಫ್ ಮಾಡೀನಿ’ ಅಂತ. ಇನ್ನೊಬ್ಬ ತಂತಿಗೆ ಕೈ ಹಾಕೋಕೆ ಹೋದ. ಇವನೇ ಕೂಗಿದ್ದರಿಂದ ಉಳಿದ.

“ಸರ್, ನಂದೇನ್ ತಪ್ಪ್ರಿ? ಖರೇನ ಹೇಳಿದ್ನೆಲ್ರಿ” ಅಂದ. ಆಮೇಲೆ ಎರಡು ಶುಕ್ರವಾರ ಬಾಯೇ ಬಿಡಲಿಲ್ಲ.

ತಪ್ಪು ನನ್ನದೂ ಇತ್ತು. ಟೆನ್ಸ್ ಚಾರ್ಟ್ ಬಾಯಿಪಾಠ ಮಾಡಿಸಿದ್ದೆ, ಇದನ್ನು ಹೇಳಿಕೊಟ್ಟಿರಲಿಲ್ಲ. ಮೂರನೇ ವಾರ ಚಾರ್ಟ್ ಮಡಚಿಟ್ಟೆ. “ಬರೀ ಯೆಸ್, ನೋ ಅಂತ ನಿಲ್ಲಿಸಬ್ಯಾಡ್ರಿ, ಪೂರ್ತಿ ಹೇಳ್ರಿ: ಇಟ್ ಈಸ್ ಆನ್, ಇಟ್ ಈಸ್ ಆಫ್” ಅಂತ ಅದೊಂದನ್ನೇ ಒಂದು ತಾಸು ಕೇಳಿದೆ, ಹೇಳಿಸಿದೆ.

ಸಿನಿಮಾದ ನಾಲ್ಕು ವಾರದ ಕೋರ್ಸು ಮದುವೆ ಮನೆಯ ಭಾಷಣದಲ್ಲಿ ಮುಗಿಯುತ್ತದೆ. ಭಾಷಣ ಚಂದ, ನಾನೂ ಕಣ್ಣು ಒರೆಸಿಕೊಂಡೆ. ಆದರೆ ಭಾಷಣದಲ್ಲಿ ಎದುರು ಪ್ರಶ್ನೆ ಬರೋದಿಲ್ಲ. ಮಾತುಕತೆ ಕಲಿತೀವೋ ಇಲ್ಲವೋ ಗೊತ್ತಾಗೋದು ಕೇಳಿದ್ದಕ್ಕೆ ಉತ್ತರ ಕೊಡುವಾಗ. ಗದಗ, ಶಿರಹಟ್ಟಿಯ ಹುಡುಗರು ಇವತ್ತಿಗೂ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗಿ “ಮೈಸೆಲ್ಫ್” ಅಂತ ಶುರುಮಾಡಿ ತಮ್ಮ ಪರಿಚಯವನ್ನೇ ಉರು ಹೊಡೀತಾರೆ. ಅದೂ ಒಂದು ಸಣ್ಣ ಭಾಷಣವೇ.

ಸಿನಿಮಾ ಇನ್ನೊಮ್ಮೆ ನೋಡ್ರಿ. ಈ ಸಲ ಶಶಿಯನ್ನು ಸ್ವಲ್ಪ ಬಿಟ್ಟು, ಆ ಟ್ಯಾಕ್ಸಿಯವನನ್ನು ನೋಡ್ರಿ. ಮುಂಡರಗಿಯವನು ಅಲ್ಲೇ ಕೂತಿದ್ದಾನೆ.